ಏಳು ತಿಂಗಳು ನನ್ನ ಒಳಗೇ ಉಳಿದ ಸ್ಟೆಂಟ್ ಕುರಿತು ದೂರು

ಆಡಳಿತಾಧಿಕಾರಿಗಳಿಗೆ ಮತ್ತು ಮೂತ್ರರೋಗ ವಿಭಾಗದ ಮುಖ್ಯಸ್ಥರಿಗೆ,
ಶಿವಮೊಗ್ಗ

ಮಾನ್ಯರೇ,

ನಾನು ತೀರ್ಥಹಳ್ಳಿ ತಾಲ್ಲೂಕಿನವಳು. ಕಳೆದ ಜೂನ್ ತಿಂಗಳ ಎರಡನೇ ವಾರ ನಿಮ್ಮ ಆಸ್ಪತ್ರೆಯಲ್ಲಿ ಎಡಗಡೆ ಮೂತ್ರನಾಳದ ಕಲ್ಲಿಗೆ ಲೇಸರ್ ಚಿಕಿತ್ಸೆ ಮಾಡಿಸಿಕೊಂಡೆ. ಕಲ್ಲನ್ನು ಸರಿಯಾಗಿ ತೆಗೆದಿರಿ, ಅದರಲ್ಲಿ ನನ್ನ ತಕರಾರಿಲ್ಲ. ಆಪರೇಷನ್ ಮಾಡುವಾಗ ಕಿಡ್ನಿಯಿಂದ ಮೂತ್ರಕೋಶದವರೆಗೆ ಡಿ.ಜೆ. ಸ್ಟೆಂಟ್ ಎಂಬ ಕೊಳವೆ ಇಟ್ಟಿರಿ. ಅದು ಒಳಗಿದೆ ಎಂದಾಗಲಿ, ಕೆಲವೇ ವಾರದಲ್ಲಿ ತೆಗೆಸಬೇಕು ಎಂದಾಗಲಿ ನನಗೂ ನಮ್ಮ ಮನೆಯವರಿಗೂ ಯಾರೂ ಹೇಳಲಿಲ್ಲ. ಈ ದೂರು ಅದರ ಬಗ್ಗೆ.

ನೋವು ಶುರುವಾದದ್ದು ಅಡಿಕೆ ತೋಟಕ್ಕೆ ಕೊಳೆರೋಗದ ಬೋರ್ಡೋ ಔಷಧಿ ಹೊಡೆಸುವ ದಿನ. ಮರ ಹತ್ತುವ ಕೊನೆಗಾರರಿಗೆ ತಿಂಡಿ ಬಡಿಸುತ್ತಿದ್ದವಳಿಗೆ ಎಡ ಪಕ್ಕೆಯ ಹಿಂದೆ ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಡಿಯಿತು. ಕೂರಲೂ ಆಗದೆ ಮಲಗಲೂ ಆಗದೆ ಮಳೆಯಲ್ಲೇ ಅಂಗಳದ ಉದ್ದಕ್ಕೂ ಆಚೆಗೀಚೆಗೆ ನಡೆದೆ. ನೋವು ತೊಡೆಸಂದಿಗೆ ಇಳಿಯಿತು, ಜೊತೆಗೆ ವಾಂತಿ. ಅತ್ತೆ ಬಾಳೆದಿಂಡಿನ ರಸ ಕೊಟ್ಟರು, ಅದೂ ನಿಲ್ಲಲಿಲ್ಲ. ಸ್ಕ್ಯಾನಿಂಗಿನಲ್ಲಿ 9 ಮಿ.ಮೀ. ಕಲ್ಲು ಕಂಡಿತು. 5 ಮಿ.ಮೀ.ಗಿಂತ ಸಣ್ಣದಾದರೆ ಹೆಚ್ಚಾಗಿ ತಾನಾಗಿಯೇ ಇಳಿದು ಹೋಗುತ್ತದೆ, ಇದು ದೊಡ್ಡದು, ಕಿಡ್ನಿಯೂ ಬಾತಿದೆ, ಕಾಯುವುದು ಬೇಡ ಎಂದು ನಿಮ್ಮ ವೈದ್ಯರು ಹೇಳಿದರು. ಸಮಾಧಾನವಾಗಿ, ಕನ್ನಡದಲ್ಲಿ, ಚಿತ್ರ ಬರೆದು ತೋರಿಸಿ ಹೇಳಿದರು. ಅವರ ಮೇಲೆ ನನಗೆ ಈಗಲೂ ಗೌರವವಿದೆ.

ಆಪರೇಷನ್ ಆದ ಮೇಲೆ ಅಷ್ಟು ಬಿಡಿಸಿ ಹೇಳುವವರು ಯಾರೂ ಸಿಗಲಿಲ್ಲ. ಮೂರನೇ ದಿನ ಡಿಸ್ಚಾರ್ಜ್ ಮಾಡುವಾಗ ಕೌಂಟರಿನಲ್ಲಿ ಮಾತ್ರೆಯ ಚೀಟಿ, ಬಿಲ್ಲು ಮತ್ತು ಇಂಗ್ಲಿಷಿನ ಎರಡು ಹಾಳೆ ಕೈಗೆ ಕೊಟ್ಟರು. ‘ಎರಡು ವಾರ ಬಿಟ್ಟು ಬನ್ನಿ, ನೀರು ಚೆನ್ನಾಗಿ ಕುಡೀರಿ’ ಎಂದರು. ಎರಡನೇ ಹಾಳೆಯ ಕೊನೆಯಲ್ಲಿ ಎರಡು ವಾರದ ನಂತರ ‘ಡಿ.ಜೆ.ಎಸ್.ಆರ್.’ ಎಂದು ಕೈಯಲ್ಲಿ ಬರೆದಿತ್ತು. ಸ್ಟೆಂಟ್ ತೆಗೆಯುವುದಕ್ಕೆ ನೀವು ಬಳಸುವ ಸಂಕ್ಷೇಪ ಅದು ಎಂದು ನನಗೆ ತಿಳಿದದ್ದು ಜನವರಿಯಲ್ಲಿ. ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಮೈದುನನ ಮಗ ಆ ಹಾಳೆಯನ್ನು ಇಡೀ ಓದಿದ್ದ. ಅವನಿಗೂ ಆ ನಾಲ್ಕು ಅಕ್ಷರ ಅರ್ಥವಾಗಿರಲಿಲ್ಲ. ಬಿಲ್ಲಿನಲ್ಲಿ ಮಾತ್ರ ‘ಡಿ.ಜೆ. ಸ್ಟೆಂಟ್ – 1’ ಎಂದು ಬೇರೆ ಸಾಲಿನಲ್ಲಿ ಬರೆದು ಹಣ ಪಡೆದಿದ್ದೀರಿ.

ನಾನು ಎರಡು ವಾರ ಬಿಟ್ಟು ಬಂದಿದ್ದೆ. ಇದನ್ನು ದಯವಿಟ್ಟು ಗಮನಿಸಿ, ಏಕೆಂದರೆ ಈಚೆಗೆ ಫೋನಿನಲ್ಲಿ ನಿಮ್ಮ ಸಿಬ್ಬಂದಿ ‘ನೀವು ತೋರಿಸಲು ಬರಲಿಲ್ಲ’ ಎಂದರು. ಆಗುಂಬೆ ಕಡೆಯ ಜಡಿಮಳೆಯಲ್ಲಿ ಎರಡು ಬಸ್ಸು ಬದಲಿಸಿ ಬಂದು, ಮಧ್ಯಾಹ್ನದವರೆಗೆ ಕೂತು, ಆ ದಿನ ಇದ್ದ ಬೇರೊಬ್ಬ ವೈದ್ಯರಿಗೆ ತೋರಿಸಿದೆ. ಆಪರೇಷನ್ ಮಾಡಿದವರು ರಜೆಯಲ್ಲಿದ್ದರು. ಮೂತ್ರಕ್ಕೆ ಹೋಗುವಾಗ ಪಕ್ಕೆ ನೋಯುತ್ತದೆ ಎಂದು ಹೇಳಿದೆ. ಫೈಲನ್ನು ಮೇಲುಮೇಲೆ ಕಣ್ಣಾಡಿಸಿ, ‘ಎಲ್ಲ ಸರಿ ಇದೆ’ ಎಂದು ಮಾತ್ರೆ ಬರೆದು ಕಳಿಸಿದರು. ಅಂದಿನ ಹೊರರೋಗಿ ಚೀಟಿ ನನ್ನ ಬಳಿ ಇದೆ. ಆ ದಿನ ಹತ್ತು ನಿಮಿಷ ಕೊಟ್ಟಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಆಮೇಲಿನ ಆರು ತಿಂಗಳನ್ನು ಹೇಗೆ ಬರೆಯಲಿ. ಒಂದು ಗಂಟೆ ನಿದ್ದೆ ಮಾಡಿದರೆ ಹೆಚ್ಚು, ಮತ್ತೆ ಎದ್ದು ಹೋಗಬೇಕು. ನಮ್ಮ ಬಚ್ಚಲು ಹಿತ್ತಿಲಲ್ಲಿದೆ. ಆಷಾಢದ ರಾತ್ರಿಗಳಲ್ಲಿ ಕೊಡೆ ಹಿಡಿದು ನಾಲ್ಕೈದು ಸಲ ಹೋಗಿ ಬಂದಿದ್ದೇನೆ, ಹೋದರೆ ನಾಲ್ಕು ಹನಿ. ಮುಗಿಯುತ್ತಾ ಬರುವಾಗ ಪಕ್ಕೆಯಲ್ಲಿ ಮೇಲಕ್ಕೆ ಒತ್ತಿದ ಹಾಗೆ ನೋವು. ಸ್ಟೆಂಟ್ ಇದ್ದಾಗ ಮೂತ್ರ ಅದರೊಳಗಿಂದ ಕಿಡ್ನಿಯ ಕಡೆಗೆ ಹಿಂದಕ್ಕೂ ಹೋಗುತ್ತದೆ, ಆ ನೋವು ಅದರದೇ ಎಂದು ಮಣಿಪಾಲದ ವೈದ್ಯರು ಆಮೇಲೆ ವಿವರಿಸಿದರು. ತೋಟದ ಏರು ಹತ್ತಿ ಇಳಿದ ದಿನ ಮೂತ್ರ ಕೆಂಪಗಾಗುತ್ತಿತ್ತು. ಎರಡು ಸಲ ಚಳಿಜ್ವರ ಬಂದು ಊರಿನ ಡಾಕ್ಟರ ಹತ್ತಿರ ಇಂಜೆಕ್ಷನ್ ತೆಗೆದುಕೊಂಡೆ. ಕಲ್ಲು ಮತ್ತೆ ಬಂತೇನೋ ಎಂದು ಹುರುಳಿ ಕಟ್ಟು, ಕಾಡುಬಸಳೆ, ಎಳನೀರು ಎಲ್ಲ ಮಾಡಿದೆ. ಸಾಮಾನ್ಯವಾಗಿ ಮಳೆಗಾಲದಲ್ಲಿ ನಮಗೆ ಬಾಯಾರಿಕೆಯೇ ಆಗುವುದಿಲ್ಲ, ಆದರೂ ಲೆಕ್ಕ ಇಟ್ಟು ದಿನಕ್ಕೆ ಮೂರು ಲೀಟರು ನೀರು ಕುಡಿದೆ. ನಿಮ್ಮ ಆಸ್ಪತ್ರೆಗೆ ಮೂರು ಸಲ ಫೋನು ಮಾಡಿದೆ. ಮೂರು ಸಲವೂ ‘ಆಪರೇಷನ್ ಆದ ಮೇಲೆ ಸ್ವಲ್ಪ ದಿನ ಹಾಗೇ, ನೀರು ಕುಡೀರಿ’ ಎಂಬ ಉತ್ತರವೇ ಬಂತು. ಫೋನು ತೆಗೆದವರು ಫೈಲು ತೆರೆದು ನೋಡಲಿಲ್ಲ.

ನನಗೆ ಹೆಚ್ಚು ನೋವಾದದ್ದು ಇನ್ನೊಂದು ಕಾರಣಕ್ಕೆ. ಮನೆಯಲ್ಲಿ ಎಲ್ಲರೂ ನನ್ನದು ಭಯ ಎಂದುಕೊಂಡರು. ದೊಡ್ಡಾಸ್ಪತ್ರೆಯವರೇ ಸರಿ ಇದೆ ಎಂದ ಮೇಲೆ ಇವಳದ್ದೇನು ಎಂದು. ಕೊಯ್ಲಿನ ಹೊತ್ತಿಗೆ ಅಡಿಕೆ ಸುಲಿಯಲು ಒಂದು ತಾಸು ಕೂರಲಾಗದೆ ಏಳುತ್ತಿದ್ದಾಗ ನನಗೇ ನಾಚಿಕೆಯಾಗುತ್ತಿತ್ತು. ಕೊನೆಗೆ ನನ್ನ ಮೇಲೆ ನನಗೇ ಅನುಮಾನ ಬಂತು.

ಜನವರಿಯಲ್ಲಿ ತೀರ್ಥಹಳ್ಳಿಯಲ್ಲಿ ಸ್ಕ್ಯಾನಿಂಗ್ ಮಾಡಿಸಿದೆ. ಮಾಡುತ್ತಿದ್ದ ವೈದ್ಯರು ಕೈ ನಿಲ್ಲಿಸಿ, ‘ಅಮ್ಮಾ, ಸ್ಟೆಂಟ್ ಹಾಗೇ ಇದೆಯಲ್ಲ, ಯಾಕೆ ತೆಗೆಸಿಲ್ಲ?’ ಎಂದು ಕೇಳಿದರು. ನಾನು ‘ಅದೇನು?’ ಎಂದೆ. ಎಕ್ಸ್‌ರೇಯಲ್ಲಿ ಕೊಳವೆಯ ಎರಡೂ ತುದಿಗೆ ಕಲ್ಲು ಕಟ್ಟಿದ್ದು ಕಾಣಿಸಿತು. ಮೂರು ತಿಂಗಳು ದಾಟಿದರೆ ಹೀಗೆ ಕಟ್ಟುವ ಅಪಾಯ ಬಹಳ ಹೆಚ್ಚು, ತೀರಾ ಬಿಟ್ಟರೆ ಕಿಡ್ನಿಯೇ ಹೋಗಬಹುದು ಎಂದರು. ನಿಮ್ಮಲ್ಲಿಗೆ ಮತ್ತೆ ಬರಲು ಧೈರ್ಯ ಸಾಲದೆ ಘಾಟಿ ಇಳಿದು ಮಣಿಪಾಲಕ್ಕೆ ಹೋದೆವು. ಮೊದಲು ಕೆಳತುದಿಯ ಕಲ್ಲನ್ನು ಲೇಸರಿನಿಂದ ಒಡೆದರು. ಮೇಲಿನ ತುದಿ ಬಿಟ್ಟುಕೊಳ್ಳಲಿಲ್ಲ. ನಾಲ್ಕು ದಿನ ಬಿಟ್ಟು ಬೆನ್ನಿನಲ್ಲಿ ತೂತು ಮಾಡಿ ತೆಗೆಯಬೇಕಾಯಿತು. ಖರ್ಚು 1,46,000 ರೂಪಾಯಿ, ಹನ್ನೊಂದು ದಿನ ಆಸ್ಪತ್ರೆ. ಆ ವರ್ಷದ ಅಡಿಕೆಯ ದುಡ್ಡಿನ ದೊಡ್ಡ ಪಾಲು ಅಲ್ಲಿಗೇ ಹೋಯಿತು.

ಅಲ್ಲಿಯೂ ಹೊಸದಾಗಿ ಸ್ಟೆಂಟ್ ಇಟ್ಟರು. ಆದರೆ ಮನೆಗೆ ಕಳಿಸುವ ಮೊದಲು ನರ್ಸ್ ಒಬ್ಬರು ಪಕ್ಕದಲ್ಲಿ ಕೂತು, ‘ನಿಮ್ಮ ಒಳಗೆ ಒಂದು ಕೊಳವೆ ಇದೆ, ಈ ತಾರೀಕಿಗೆ ತೆಗೆಯಬೇಕು’ ಎಂದು ಹೇಳಿ ನನ್ನ ಬಾಯಿಂದ ಅದನ್ನೇ ವಾಪಸು ಹೇಳಿಸಿದರು. ತಾರೀಕು ಬರೆದ ಕಾರ್ಡು ಕೊಟ್ಟರು. ಹಿಂದಿನ ದಿನ ಫೋನೂ ಬಂತು. ಮರಗಟ್ಟಿಸುವ ಜೆಲ್ಲಿ ಹಾಕಿ ತೆಗೆಯಲು ಹತ್ತು ನಿಮಿಷವೂ ಹಿಡಿಯಲಿಲ್ಲ.

ನನ್ನ ಸಂಪೂರ್ಣ ಕಡತದ ಪ್ರತಿ ಕೊಡಿ. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಎಂದು ವೈದ್ಯಕೀಯ ಮಂಡಳಿಯ 2002ರ ನಿಯಮವಿದೆ. ಎರಡನೇ ಚಿಕಿತ್ಸೆಯ ಖರ್ಚನ್ನು ನೀವು ಭರಿಸಬೇಕು. ಜೂನ್ ಕೊನೆಯ ಭೇಟಿಯಲ್ಲಿ ಸ್ಟೆಂಟ್ ಯಾಕೆ ಯಾರ ಗಮನಕ್ಕೂ ಬರಲಿಲ್ಲ ಎಂದು ಲಿಖಿತವಾಗಿ ತಿಳಿಸಬೇಕು. 15 ದಿನದೊಳಗೆ ಉತ್ತರ ಬರದಿದ್ದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೂ, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. ಹಣ ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾಯ್ದೆಗೆ ಒಳಪಡುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಪು ಕೊಟ್ಟಿದೆ.

ಆದರೆ ಇವೆಲ್ಲಕ್ಕಿಂತ ಮೊದಲು, ನನಗೆ ಉತ್ತರ ಬರೆಯುವ ಮೊದಲೇ, ಒಂದು ಕೆಲಸ ಮಾಡಿ ಎಂದು ಬೇಡಿಕೊಳ್ಳುತ್ತೇನೆ. ಸ್ಟೆಂಟ್ ಹಾಕಿದ ಬಿಲ್ಲುಗಳೆಲ್ಲ ನಿಮ್ಮ ಕಂಪ್ಯೂಟರಿನಲ್ಲಿವೆ. ಕಳೆದ ಒಂದೆರಡು ವರ್ಷದ್ದನ್ನು ತೆಗೆದು, ತೆಗೆಸಿಕೊಂಡವರು ಯಾರು, ಉಳಿದವರು ಯಾರು ಎಂದು ಒಂದೊಂದಾಗಿ ತಾಳೆ ನೋಡಿ. ಉಳಿದವರಿಗೆ ಈ ವಾರವೇ ಫೋನು ಮಾಡಿ. ಹೊಸನಗರ, ಸಾಗರ, ಕೊಪ್ಪದ ಕಡೆಯ ಎಷ್ಟೋ ಮನೆಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಅಂಥವರಿಗೆ ಕನ್ನಡದಲ್ಲಿ ಕಾಗದ ಬರೆಯಿರಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ಆ ಊರಿನ ಆಶಾ ಕಾರ್ಯಕರ್ತೆಗೆ ಹೇಳಿಕಳಿಸಿ. ಇಷ್ಟು ಹೊತ್ತಿಗೆ ನನ್ನ ಹಾಗೆಯೇ ರಾತ್ರಿಯೆಲ್ಲ ಎದ್ದು ಕೂತು, ಇದು ತನ್ನ ಭ್ರಮೆ ಎಂದುಕೊಳ್ಳುತ್ತಿರುವವರು ಆ ಪಟ್ಟಿಯಲ್ಲಿ ಇರಬಹುದು.

ಡಿಸ್ಚಾರ್ಜ್ ಹಾಳೆ, ಬಿಲ್ಲು, ಜೂನ್ ತಿಂಗಳ ಹೊರರೋಗಿ ಚೀಟಿ, ಜನವರಿಯ ಎಕ್ಸ್‌ರೇ ಮತ್ತು ಮಣಿಪಾಲದ ಬಿಲ್ಲುಗಳ ಪ್ರತಿಗಳನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ನನ್ನ ಹೆಸರು, ವಿಳಾಸ, ಫೋನ್ ನಂಬರು ಡಿಸ್ಚಾರ್ಜ್ ಹಾಳೆಯ ಮೊದಲ ಸಾಲಿನಲ್ಲಿವೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ತೀರ್ಥಹಳ್ಳಿ ತಾಲ್ಲೂಕು