ದೂಳು ತಡೆಯುವ ಪರದೆ ಹರಿದಿದೆ

ಮಾನ್ಯ ಸಂಪಾದಕರೇ,

ಮುಂಬೈಯಲ್ಲಿ ಚಳಿಗಾಲದ ಕೆಮ್ಮಿಗೆ ‘ಹವೆ ಬದಲಾಗಿದೆ’ ಎಂದು ಕಷಾಯ ಕುಡಿದು ಸುಮ್ಮನಾಗುತ್ತೇವೆ. ಆದರೆ ಚೆಂಬೂರಿನ ನಮ್ಮ ಕಿಟಕಿ ಸರಳಿನ ಮೇಲೆ ಬೆಳಗ್ಗೆ ಒರೆಸಿದ ಸಿಮೆಂಟ್ ದೂಳು ಸಂಜೆಗೆ ಮತ್ತೆ ಕೂತಿರುತ್ತದೆ. ಕಾಣುವ ದೂಳಿಗಿಂತ ಕಾಣದ ಪಿಎಂ 2.5 ಕಣಗಳೇ (2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಸಣ್ಣ ಕಣಗಳು) ಹೆಚ್ಚು ಅಪಾಯಕಾರಿ. ಅವು ಶ್ವಾಸಕೋಶದ ಆಳಕ್ಕಿಳಿದಾಗ ರೋಗನಿರೋಧಕ ಕೋಶಗಳು ಅವನ್ನು ನುಂಗಲು ಹೋಗಿ ಉರಿಯೂತ ಎಬ್ಬಿಸುತ್ತವೆ. ದಿನವೂ ಇದೇ ಆದರೆ ಉರಿಯೂತ ಆರುವುದೇ ಇಲ್ಲ. ಆಸ್ತಮಾ ಉಲ್ಬಣಿಸುತ್ತದೆ, ಹೃದ್ರೋಗ, ಮಧುಮೇಹದ ಅಪಾಯವೂ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಗಾಳಿಯಲ್ಲಿ ಈ ಕಣಗಳ ವಾರ್ಷಿಕ ಮಿತಿಯನ್ನು ಘನ ಮೀಟರಿಗೆ 5 ಮೈಕ್ರೋಗ್ರಾಂಗೆ ಇಳಿಸಿತು. ನಮ್ಮ ದೇಶದ ಮಿತಿ 40.

ಕಟ್ಟಡ ಕಾಮಗಾರಿಗೆ ತಗಡಿನ ಬೇಲಿ, ಪರದೆ, ನೀರು ಸಿಂಪಡಣೆ ಕಡ್ಡಾಯವೆಂದು ಪಾಲಿಕೆ 2023ರ ಅಕ್ಟೋಬರ್‌ನಲ್ಲೇ ಮಾರ್ಗಸೂಚಿ ಹೊರಡಿಸಿದೆ. ನಮ್ಮ ಗಲ್ಲಿಯ ಕಾಮಗಾರಿಯಲ್ಲಿ ಪರದೆ ಹರಿದು ಜೋತಾಡುತ್ತಿದೆ, ಅದರ ಕೆಳಗೇ ಮಕ್ಕಳು ಶಾಲೆಗೆ ಹೋಗುತ್ತಾರೆ. ಕಲಬುರಗಿ ಕಡೆಯಿಂದ ದುಡಿಯಲು ಬಂದವರ ಪಾಡು ಇನ್ನೂ ಕಷ್ಟ. ಅವರು ಉಣ್ಣುವುದು, ಮಲಗುವುದು ಆ ದೂಳಿನಲ್ಲೇ. ವಾರ್ಡ್ ಅಧಿಕಾರಿಗಳು ಖುದ್ದಾಗಿ ಸ್ಥಳ ಪರಿಶೀಲಿಸಿ ನಿಯಮ ಮುರಿದವರ ಕೆಲಸ ನಿಲ್ಲಿಸಲಿ, ಕಾರ್ಮಿಕರಿಗೆ ಶ್ವಾಸಕೋಶದ ತಪಾಸಣೆಯನ್ನೂ ಮಾಡಿಸಲಿ.

– ಓರ್ವ ಓದುಗ, ಚೆಂಬೂರು, ಮುಂಬೈ