ಹತ್ತನೇ ತರಗತಿಯ ಚಿಂತೆ ಆಮೇಲೆ, ಮೊದಲು ನಾಲ್ಕನೆಯದು ನೋಡಿ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಲೆಲ್ಲ ಕಾರವಾರ, ಶಿರಸಿ ಎರಡೂ ಶೈಕ್ಷಣಿಕ ಜಿಲ್ಲೆಗಳಲ್ಲಿ ಅದೇ ಮಾತು: ವಿಶೇಷ ತರಗತಿ ಹೆಚ್ಚಿಸಿ, ಬೆಳಗಿನ ಪಾಠ ಬೇಗ ಶುರು ಮಾಡಿ, ಹಿಂದುಳಿದವರ ಪಟ್ಟಿ ಮಾಡಿ. ಜೀವಶಾಸ್ತ್ರ ಕಲಿಸುವ ನಮಗೆ ಇದು ಬಾಲ ಹಿಡಿದು ಎಳೆಯುವ ಕೆಲಸವಾಗಿ ಕಾಣುತ್ತದೆ. ಓದಿನಲ್ಲಿ ಹಿಂದೆ ಬೀಳುವುದು ತನ್ನನ್ನು ತಾನೇ ಬೆಳೆಸಿಕೊಳ್ಳುವ ಕ್ರಿಯೆ. ಪರಿಣಾಮವೇ ಮರಳಿ ಕಾರಣಕ್ಕೆ ಬಲ ಕೊಡುವ ಇಂಥದ್ದನ್ನು ನಾವು ಪಾಠದಲ್ಲಿ ಪಾಸಿಟಿವ್ ಫೀಡ್‌ಬ್ಯಾಕ್ ಸುತ್ತು ಎನ್ನುತ್ತೇವೆ. ಇದನ್ನು ಶುರುವಿನಲ್ಲಿ ತಡೆಯಲು ಹದಿನೈದು ನಿಮಿಷ ಸಾಕು, ಕೊನೆಯಲ್ಲಿ ತಿಂಗಳುಗಟ್ಟಲೆ ಹೆಣಗಿದರೂ ಸಾಲದು.

ಅಂಕೋಲೆಯಲ್ಲಿ ಕರಿ ಇಶಾಡು ಮಾವು ಅಡೆ ಹಾಕುವವರಿಗೆ ಇದರ ನಡೆ ಗೊತ್ತೇ ಇದೆ. ಬಲಿತ ಕಾಯಿಗಳನ್ನು ಹುಲ್ಲಿನೊಳಗೆ ಇಟ್ಟಾಗ ಒಂದೆರಡು ಮೊದಲು ಹಣ್ಣಾಗುತ್ತವೆ. ಅವು ಬಿಡುವ ಎಥಿಲೀನ್ ಅನಿಲ ತಾಗಿದ ಕಾಯಿಯಲ್ಲಿ ಎಥಿಲೀನ್ ತಯಾರಿಸುವ ಕಿಣ್ವಗಳೇ ಹೆಚ್ಚಾಗುತ್ತವೆ. ಅದೂ ಅನಿಲ ಬಿಡತೊಡಗುತ್ತದೆ. ಹಣ್ಣು ಮಾಗಿಸುವ ಕೋಣೆಗಳಲ್ಲಿ ಗಾಳಿಯ ಹತ್ತು ಲಕ್ಷ ಪಾಲಿಗೆ ಗರಿಷ್ಠ 100 ಪಾಲು ಎಥಿಲೀನ್ ಬಿಡಲು ಆಹಾರ ಸುರಕ್ಷತಾ ಪ್ರಾಧಿಕಾರ ಅನುಮತಿ ಕೊಟ್ಟಿದೆ. ಅಷ್ಟು ಕಡಿಮೆ ಸಾಕಾಗುವುದು ಉಳಿದದ್ದನ್ನು ಕಾಯಿ ತಾನೇ ಮಾಡಿಕೊಳ್ಳುವುದರಿಂದ. ಎಳೆಗಾಯಿ ಕೊಯ್ದಿಟ್ಟರೆ ಮಾತ್ರ ಕೆಲಸ ಕೆಡುತ್ತದೆ. ಆ ಹಂತದಲ್ಲಿ ಎಥಿಲೀನ್ ತನ್ನ ತಯಾರಿಕೆಯನ್ನು ತಾನೇ ಅದುಮಿಡುತ್ತದೆ, ಕಾಯಿ ಸುಕ್ಕಾಗುತ್ತದೆಯೇ ಹೊರತು ಚೆನ್ನಾಗಿ ಹಣ್ಣಾಗುವುದಿಲ್ಲ. ಬನವಾಸಿಯ ಅನಾನಸಿಗಂತೂ ಈ ಸುತ್ತೇ ಇಲ್ಲ: ಕೊಯ್ದಿಟ್ಟ ಮೇಲೆ ಬಣ್ಣ ತಿರುಗೀತು, ಸಿಹಿ ಏರದು. ಪೆಟ್ಟು ಬಿದ್ದ ಕಾಯಿಯೂ ಎಥಿಲೀನ್ ಬಿಡುತ್ತದೆ. ಹಾಗಾಗಿ ಅನುಭವಿಗಳು ಪೆಟ್ಟು ಬಿದ್ದದ್ದನ್ನು ಮೊದಲೇ ಬೇರೆ ಮಾಡುತ್ತಾರೆ, ಹಣ್ಣಾದದ್ದನ್ನು ದಿನವೂ ಆರಿಸಿ ತೆಗೆಯುತ್ತಾರೆ.

ನಮ್ಮ ದೇಹದಲ್ಲಿರುವ ಇಂಥ ಸುತ್ತುಗಳಿಗೆ ತಡೆಯೂ ಜೊತೆಗೇ ಇರುತ್ತದೆ. ಹೆರಿಗೆಯಲ್ಲಿ ಮಗುವಿನ ತಲೆ ಗರ್ಭಕೊರಳನ್ನು ಹಿಗ್ಗಿಸಿದಷ್ಟೂ ಆಕ್ಸಿಟೋಸಿನ್ ಎಂಬ ಹಾರ್ಮೋನು ಸ್ರವಿಸಿ ನೋವು ಜೋರಾಗುತ್ತದೆ, ತಲೆ ಇನ್ನಷ್ಟು ಒತ್ತುತ್ತದೆ. ಮಗು ಹೊರಬಂದಿತೆಂದರೆ ಸುತ್ತು ಕಡಿಯಿತು. ಗಾಯದಲ್ಲಿ ರಕ್ತ ಹೆಪ್ಪುಗಟ್ಟುವಾಗ ಥ್ರಾಂಬಿನ್ ಎಂಬ ಕಿಣ್ವ ತನ್ನನ್ನು ಹುಟ್ಟಿಸುವ ಅಂಶಗಳನ್ನೇ ಚುರುಕುಗೊಳಿಸುತ್ತದೆ, ಆದರೆ ಅದನ್ನು ಹಿಡಿದುಹಾಕುವ ಆಂಟಿಥ್ರಾಂಬಿನ್ ಅದೇ ರಕ್ತದಲ್ಲಿದೆ. ಕೊಳಕುಮಂಡಲದ ವಿಷ ಈ ಸರಪಳಿಯನ್ನು ನಡುವಿನಿಂದಲೇ ಬಡಿದೆಬ್ಬಿಸಿ ಹೆಪ್ಪುಗಟ್ಟಿಸುವ ಸಾಮಗ್ರಿಯನ್ನೆಲ್ಲ ಖರ್ಚು ಮಾಡಿಬಿಡುತ್ತದೆ. ಹಾವು ಕಚ್ಚಿದವರ 2 ಮಿ.ಲೀ. ರಕ್ತವನ್ನು ಶುಚಿಯಾದ ಒಣ ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಓರೆ ಮಾಡಿ ಹೆಪ್ಪುಗಟ್ಟಿದೆಯೇ ಎಂದು ನೋಡುವುದು ಇದಕ್ಕಾಗಿಯೇ. ಕೊಳವೆ ಪ್ಲಾಸ್ಟಿಕ್ಕಿನದಾದರೆ ಅಥವಾ ಸೋಪಿನ ಪುಡಿಯಲ್ಲಿ ತೊಳೆದದ್ದಾದರೆ ಪರೀಕ್ಷೆಯನ್ನು ನಂಬುವಂತಿಲ್ಲ.

ಓದಿನಲ್ಲಿ ಇಂಥ ತಡೆ ತಾನಾಗಿ ಬರುವುದಿಲ್ಲ. ಮೂರನೇ ತರಗತಿಯ ಮಗು 'ಸ್ವಾತಂತ್ರ್ಯ' ಎಂಬ ಪದದ ಮುಂದೆ ನಿಲ್ಲುತ್ತದೆ. ತಕಾರದ ಕೆಳಗಿನ ಎರಡು ಒತ್ತುಗಳನ್ನು ಬಿಡಿಸುವಷ್ಟರಲ್ಲಿ ವಾಕ್ಯದ ಮೊದಲ ಭಾಗ ಮರೆತುಹೋಗಿರುತ್ತದೆ. ಅರ್ಥವಾಗದ್ದನ್ನು ಯಾರು ಇಷ್ಟಪಟ್ಟು ಓದುತ್ತಾರೆ? ಕಡಿಮೆ ಓದಿದ್ದರಿಂದ ಹೊಸ ಪದಗಳು ಸಿಗುವುದಿಲ್ಲ, ಪದ ಗೊತ್ತಿಲ್ಲದ್ದರಿಂದ ಮುಂದಿನ ಪಾಠ ಇನ್ನೂ ಕಠಿಣವಾಗುತ್ತದೆ. ಚೆನ್ನಾಗಿ ಓದುವ ಮಗುವಿಗೆ ಇದೇ ಸುತ್ತು ಎದುರು ದಿಕ್ಕಿನಲ್ಲಿ ತಿರುಗುತ್ತದೆ, ಹಾಗಾಗಿ ಅಂತರ ಎರಡೂ ಕಡೆಯಿಂದ ಹಿಗ್ಗುತ್ತದೆ. ಕೀತ್ ಸ್ಟಾನೊವಿಚ್ ಎಂಬ ಮನೋವಿಜ್ಞಾನಿ 1986ರಲ್ಲೇ ಇದನ್ನು ವಿವರವಾಗಿ ಬರೆದಿದ್ದಾರೆ. ಮನೆಯಲ್ಲಿ ಕೊಂಕಣಿಯನ್ನೋ ನವಾಯತಿಯನ್ನೋ ಆಡುವ ನಮ್ಮ ಕರಾವಳಿಯ ಮಕ್ಕಳಿಗೆ ಪಠ್ಯದ ಕನ್ನಡದ ಪದಗಳು ಮೊದಲೇ ಕಡಿಮೆ. ಸುತ್ತು ಇನ್ನೂ ಬೇಗ ಹಿಡಿಯುತ್ತದೆ.

ಒಂದರಿಂದ ಮೂರರವರೆಗೆ ನಲಿಕಲಿ ಪದ್ಧತಿಯಲ್ಲಿ ಮಗು ತನ್ನ ವೇಗದಲ್ಲಿ ಕಲಿಕೆಯ ಮೈಲಿಗಲ್ಲು ದಾಟುತ್ತದೆ. ನಾಲ್ಕನೇ ತರಗತಿಯಲ್ಲಿ ಒಂದೇ ಪುಸ್ತಕ, ಎಲ್ಲರಿಗೂ ಒಂದೇ ವೇಗ. ಮೈಲಿಗಲ್ಲು ದಾಟದ ಮಗುವೂ ಅಲ್ಲಿಗೇ ಬಂದು ಕೂರುತ್ತದೆ. ನಮ್ಮ ಲೆಕ್ಕದಲ್ಲಿ ಸುತ್ತು ಕೈತಪ್ಪುವುದು ಇಲ್ಲಿ.

ಆದ್ದರಿಂದ ಜೂನ್ ಮೊದಲ ಎರಡು ವಾರಗಳಲ್ಲೇ ನಾಲ್ಕನೇ ತರಗತಿಯ ಪ್ರತಿ ಮಗುವನ್ನೂ ಒಬ್ಬೊಬ್ಬರಾಗಿ ಕೂರಿಸಿಕೊಂಡು, ಹಿಂದೆ ಓದಿರದ, ಮೂರನೇ ತರಗತಿ ಮಟ್ಟದ ಐವತ್ತು ಪದಗಳ ತುಣುಕು ಓದಿಸಬೇಕು. ಐದಕ್ಕಿಂತ ಹೆಚ್ಚು ಕಡೆ ತಡವರಿಸಿದರೆ ಆ ತುಣುಕು ಆ ಮಗುವಿಗೆ ಕಠಿಣ. ಇನ್ನೂ ಸುಲಭದ್ದು ಕೊಡಬೇಕು. ತಡವರಿಸಿದ್ದು ಗುಣಿತಾಕ್ಷರದಲ್ಲೋ ಒತ್ತಕ್ಷರದಲ್ಲೋ ಬರೆದಿಡಬೇಕು, ಎರಡಕ್ಕೂ ಅಭ್ಯಾಸ ಬೇರೆ. ಆಮೇಲೆ ದಿನಕ್ಕೆ ಹದಿನೈದು ನಿಮಿಷ, ಒಂದೇ ತುಣುಕನ್ನು ಮೂರು ನಾಲ್ಕು ಬಾರಿ ಗಟ್ಟಿಯಾಗಿ ಓದಿಸುವುದು. ದಿನಕ್ಕೊಂದು ಹೊಸ ಪಾಠ ಕೊಡುವ ಆತುರದಲ್ಲೇ ಇದು ಹಾಳಾಗುವುದು: ಮೂರನೇ ಬಾರಿಗೆ ನಾಲಿಗೆ ಹಗುರಾಗುವುದನ್ನು ಮಗುವೇ ಗಮನಿಸಬೇಕು, ಮರುದಿನ ಅದನ್ನು ಪುಸ್ತಕದ ಹತ್ತಿರ ಕರೆತರುವುದು ಅದು. ಓದದೇ ಇದ್ದಾಗ ಕೊಟ್ಟ 'ಶಭಾಷ್' ಆ ಕೆಲಸ ಮಾಡುವುದಿಲ್ಲ. ಬೈಗುಳವಂತೂ ಬೇಡ, ಬೈದರೆ ಮಗು ಪುಸ್ತಕ ಮುಚ್ಚಿಡುತ್ತದೆ, ಮುಚ್ಚಿಟ್ಟದ್ದಕ್ಕೆ ಮತ್ತೆ ಬೈಗುಳ.

ನಮ್ಮ ಜಿಲ್ಲೆಗೆ ಇನ್ನೊಂದು ತೊಡಕು ಮಳೆ ರಜೆ. ಜೂನ್‌-ಜುಲೈಯಲ್ಲಿ ಶಾಲೆ ಮುಚ್ಚಿದ ದಿನಗಳಲ್ಲಿ ಓದು ಬರುವ ಮಗು ಏನನ್ನಾದರೂ ಓದಿಕೊಂಡಿರುತ್ತದೆ, ಬಾರದ ಮಗು ಕಲಿತ ಒತ್ತಕ್ಷರವನ್ನೂ ಮರೆತು ಬರುತ್ತದೆ. ರಜೆಯಲ್ಲಿ ತಪ್ಪಿದ ಪಾಠ ತುಂಬಿಸಲು ಶನಿವಾರ ಪೂರ್ತಿ ದಿನ ತರಗತಿ ನಡೆಸುವಾಗ ಮೊದಲ ಅವಧಿಯನ್ನು ಈ ಮಕ್ಕಳ ಗಟ್ಟಿ ಓದಿಗೆ ಬಿಟ್ಟುಕೊಡುವಂತೆ ಎರಡೂ ಶೈಕ್ಷಣಿಕ ಜಿಲ್ಲೆಗಳ ಉಪನಿರ್ದೇಶಕರು ಸೂಚನೆ ಕೊಡಲಿ. ಹತ್ತನೆಯವರ ವಿಶೇಷ ತರಗತಿ ನಿಲ್ಲಿಸಿ ಎಂದು ನಾವು ಹೇಳುತ್ತಿಲ್ಲ. ಅದಕ್ಕೆ ನಡೆಯುವ ಪರಿಶೀಲನಾ ಸಭೆಗಳಲ್ಲಿ ಅರ್ಧದಷ್ಟಾದರೂ ನಾಲ್ಕನೇ ತರಗತಿಯ ಓದಿನ ಪಟ್ಟಿಗೆ ಮೀಸಲಾಗಲಿ.

— ಜೀವಶಾಸ್ತ್ರ ಉಪನ್ಯಾಸಕರ ಬಳಗ, ಅಂಕೋಲಾ