ಮೂರೇ ಮ್ಯಾಚ್ ಆಡಿದವರಿಗೂ ಒಂದು ಥ್ಯಾಂಕ್ಸ್

ಸೋಮವಾರದಿಂದ ಹೊಸ ಕೆಲಸ. ಏಳು ತಿಂಗಳು ಮನೆಯಲ್ಲಿ ಕೂತಿದ್ದೆ, ಅದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಹೇಳೋಕೆ ನಾಚಿಕೆ.

ಹಳೇ ಕಂಪನಿಯವರು ಸೇರಿದ ಮೂರನೇ ತಿಂಗಳಿಗೇ ತೆಗೆದರು. ಹತ್ತು ನಿಮಿಷದ ವಿಡಿಯೋ ಕಾಲ್, ಅಷ್ಟೇ. ಲ್ಯಾಪ್‌ಟಾಪ್ ವಾಪಸ್ ಒಯ್ಯಲು ಬಂದ ಕೊರಿಯರ್ ಹುಡುಗ "ಚಾರ್ಜರ್ ಎಲ್ಲಿ ಸರ್?" ಅಂದ. ಹುಡುಕುತ್ತಾ ಹುಡುಕುತ್ತಾ ನನಗೆ ಅಳು ಬಂದುಬಿಟ್ಟಿತು. ಪಾಪ, ಅವನು ಆ ಕಡೆ ತಿರುಗಿ ಫೋನ್ ನೋಡುತ್ತಾ ನಿಂತ. ಮೊದಲ ಥ್ಯಾಂಕ್ಸ್ ಅವನಿಗೆ.

ಆಮೇಲೆ ಹೆಂಡತಿಗೆ. ಕೇಳದೇ ಬಾಡಿಗೆ ಕಟ್ಟಿದ ಭಾವನಿಗೆ. ರೆಸ್ಯೂಮೆಯನ್ನು ನಾಲ್ಕು ಸಲ ತಿದ್ದಿದ ಗೆಳೆಯನಿಗೆ. ಇನ್ನು ನಮ್ಮ ಭಾನುವಾರದ ಬ್ಯಾಸ್ಕೆಟ್‌ಬಾಲ್ ಗುಂಪಿನ ಕೋಚ್ ಸರ್‌ಗೆ. ಮೂರೇ ತಿಂಗಳು ಸರ್ ಅಂತ ನಾನು ಗೋಳಾಡುತ್ತಿದ್ದಾಗ ಅವರು ಸಮಾಧಾನ ಹೇಳಲಿಲ್ಲ. "ವಾಟ್ ಮಿಸಾಕ ಗೊತ್ತೇನೋ? ನಿನ್ನಷ್ಟೇ ಗಿಡ್ಡ" ಅಂದರು.

ಗೊತ್ತಿರಲಿಲ್ಲ. ವಾಟ್ ಅಂದರೆ ವಟಾರು ಮಿಸಾಕ, ಬ್ಯಾಸ್ಕೆಟ್‌ಬಾಲ್ ಆಟಗಾರ, 5 ಅಡಿ 7 ಇಂಚು. ಹುಟ್ಟಿದ್ದು 1923ರಲ್ಲಿ, ಅಮೆರಿಕದ ಯೂಟಾ ರಾಜ್ಯದ ಆಗ್ಡೆನ್‌ನಲ್ಲಿ. ಜಪಾನಿನಿಂದ ಬಂದ ಅಪ್ಪನದು ಕ್ಷೌರದಂಗಡಿ, ಅಂಗಡಿಯ ಕೆಳಗಿನ ನೆಲಮಾಳಿಗೆಯೇ ಮನೆ. 1944ರಲ್ಲಿ, ಜಪಾನಿ ಮೂಲದ ಸಾವಿರಾರು ಜನರನ್ನು ಅಮೆರಿಕ ಸರ್ಕಾರ ಶಿಬಿರಗಳಲ್ಲಿ ಕೂಡಿಹಾಕಿದ್ದ ಹೊತ್ತಿನಲ್ಲಿ, ಈ ಹುಡುಗ ಯೂಟಾ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿ ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಗೆದ್ದ. ಗೆದ್ದು ಬಂದರೆ ಸೇನೆಗೆ ಸೇರಬೇಕೆಂಬ ಕರೆ ಕಾದಿತ್ತು. ಯುದ್ಧ ಮುಗಿದ ಮೇಲೆ ಹಿರೋಷಿಮಾಗೆ ಕಳಿಸಿದರು, ಬಾಂಬ್‌ನಿಂದ ಬದುಕುಳಿದವರನ್ನು ಮಾತಾಡಿಸಿ ಬರೆದುಕೊಳ್ಳುವ ಕೆಲಸಕ್ಕೆ. ಅಪ್ಪನ ಊರು ಕೂಡ ಆ ಕಡೆಯದೇ. ಅಲ್ಲಿಂದ ಬಂದವನು ಮತ್ತೆ ಚೆಂಡು ಹೇಗೆ ಹಿಡಿದ ಅಂತ ನನಗೆ ಈಗಲೂ ಅರ್ಥವಾಗಿಲ್ಲ.

ಹಿಡಿದ, ಅದೂ ಎಂಥಾ ಆಟ! 1947ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಎನ್‌ಐಟಿ ಅನ್ನೋ ಕಾಲೇಜು ಟೂರ್ನಿಯ ಫೈನಲ್, ಎದುರಿಗೆ ಕೆಂಟಕಿ ವಿಶ್ವವಿದ್ಯಾಲಯ, ಅವರ ದೊಡ್ಡ ಆಟಗಾರ ರಾಲ್ಫ್ ಬಿಯರ್ಡ್. ಮಿಸಾಕ ಅವನ ಬೆನ್ನು ಬಿಡಲೇ ಇಲ್ಲ. ಬಿಯರ್ಡ್ ಇಡೀ ಪಂದ್ಯದಲ್ಲಿ ಮಾಡಿದ್ದು ಒಂದೇ ಪಾಯಿಂಟ್. ಯೂಟಾ 49-45ಕ್ಕೆ ಗೆದ್ದಿತು. ಗಾರ್ಡ್ ಆಗಿ, ಅಂದರೆ ಚೆಂಡು ನಡೆಸುತ್ತಾ ಎದುರಾಳಿ ಗಾರ್ಡನ್ನು ತಡೆಯುವ ಜಾಗದಲ್ಲಿ, ಆಡಿದವರಿಗೆ ಈ ಒಂದು ಪಾಯಿಂಟಿನ ಬೆಲೆ ಗೊತ್ತು, ಅಲ್ವಾ?

ಅದೇ ವರ್ಷ ನ್ಯೂಯಾರ್ಕ್ ನಿಕ್ಸ್ ಅನ್ನೋ ವೃತ್ತಿಪರ ತಂಡ ಮಿಸಾಕ ಅವರನ್ನು ಕರೆದುಕೊಂಡಿತು. ಮುಂದೆ ಎನ್‌ಬಿಎ (ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್) ಆದ ಲೀಗ್‌ನಲ್ಲಿ ಬಿಳಿಯರಲ್ಲದ ಮೊದಲ ಆಟಗಾರ ಅವರೇ. ಕಪ್ಪು ಆಟಗಾರರು ಆ ಲೀಗ್‌ಗೆ ಕಾಲಿಟ್ಟಿದ್ದು 1950ರಲ್ಲಿ. ಮಿಸಾಕ ಆಡಿದ್ದು ಮೂರು ಮ್ಯಾಚ್, ಏಳು ಪಾಯಿಂಟ್. ಆಮೇಲೆ ತೆಗೆದುಹಾಕಿದರು.

ತಂಡದಲ್ಲಿ ಗಾರ್ಡ್‌ಗಳು ಜಾಸ್ತಿ ಇದ್ದರು ಅಂತಲೇ ಮಿಸಾಕ ಹೇಳುತ್ತಿದ್ದರು, ಯಾರನ್ನೂ ದೂರಲಿಲ್ಲ. ನನಗಂತೂ ಅಷ್ಟು ದೊಡ್ಡ ಮನಸ್ಸಿಲ್ಲ, ಹಳೇ ಮ್ಯಾನೇಜರ್ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಮಿಸಾಕ ಮಾತ್ರ, ಊರೂರು ತಿರುಗಿ ಪ್ರದರ್ಶನ ಪಂದ್ಯ ಆಡುವ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ತಂಡ ಕರೆದರೂ ಹೋಗದೆ, ಯೂಟಾಗೆ ವಾಪಸ್ ಬಂದು ಎಂಜಿನಿಯರಿಂಗ್ ಮುಗಿಸಿ ಕೆಲಸ ಹಿಡಿದರು. ಸಂಸಾರ ಮಾಡಿದರು, ದಶಕಗಟ್ಟಲೆ ಬೌಲಿಂಗ್ (ಚೆಂಡು ಉರುಳಿಸಿ ಪಿನ್ ಬೀಳಿಸುವ ಆಟ, ಕ್ರಿಕೆಟಿನದಲ್ಲ) ಆಡಿದರು. 2019ರಲ್ಲಿ ತೀರಿಕೊಂಡಾಗ 95 ವರ್ಷ. ವಿಶ್ವವಿದ್ಯಾಲಯದವರು 2022ರಲ್ಲಿ ಅವರ 20ನೇ ನಂಬರ್ ಜರ್ಸಿಗೆ ನಿವೃತ್ತಿ ಕೊಟ್ಟರು, ಅಂದರೆ ಗೌರವಕ್ಕಾಗಿ ಆ ನಂಬರನ್ನು ಇನ್ಯಾರಿಗೂ ಕೊಡದೆ ಉಳಿಸಿದರು. ಅಷ್ಟು ತಡ ಯಾಕೆ ಮಾಡಿದರೋ.

ಇಂಟರ್‌ವ್ಯೂನಲ್ಲಿ "ಬರೀ ಮೂರು ತಿಂಗಳಾ?" ಅಂತ ಕೇಳಿದಾಗಲೆಲ್ಲ ಸುಮ್ನೆ ಆ ಮೂರು ಮ್ಯಾಚ್ ನೆನೆಸಿಕೊಳ್ಳುತ್ತಿದ್ದೆ. "ಹೌದು, ಮೂರು ತಿಂಗಳು" ಅಂತ ತಲೆ ಎತ್ತಿ ಹೇಳೋದು ಐದನೇ ಇಂಟರ್‌ವ್ಯೂ ಹೊತ್ತಿಗೆ ಬಂತು. ಹಾಗಾಗಿ ಮಿಸಾಕ ಅವರಿಗೂ ಒಂದು ಥ್ಯಾಂಕ್ಸ್.

ಕೋಚ್ ಸರ್, ಈ ಭಾನುವಾರ ಬರ್ತೀನಿ. ಇಡ್ಲಿ ಖರ್ಚು ನಂದು. ಮಂಡಿ ನೋವಿದೆ, ಮೂರು ಗೇಮ್ ಆಡಿದರೆ ಹೆಚ್ಚು.